ಹಿತ್ತಲ ಹಸುರಿನ ಅಡಿಯ ನೆಲ

ಹೈದರಾಬಾದಿನ ಉತ್ತರದ ಅಂಚಿನಲ್ಲಿರುವ ಜೀಡಿಮೆಟ್ಲಾದ ಹೆಸರು ಕೇಳಿದೊಡನೆ ಮನಸ್ಸಿಗೆ ಬರುವುದು ಔಷಧದ ಕಾರ್ಖಾನೆಗಳು, ರಾಸಾಯನಿಕ ಸ್ಥಾವರಗಳು, ಪ್ಲಾಸ್ಟಿಕ್ ಸಾಮಾನು ತಯಾರಿಸುವ ಸಣ್ಣ ಸಣ್ಣ ಘಟಕಗಳು, ಮತ್ತು ಇವೆಲ್ಲವುಗಳಿಂದ ಹೊರಡುವ ಕಲುಷಿತ ಜಲವನ್ನು ಒಂದೆಡೆ ಕೂಡಿಸಿ ಶುದ್ಧಗೊಳಿಸಲೆಂದು 1980ರ ದಶಕದ ಕೊನೆಯಲ್ಲಿ ಏರ್ಪಟ್ಟ ಸಾಮೂಹಿಕ ಶುದ್ಧೀಕರಣ ಘಟಕ. ಆದರೆ ಈ ನೆಲಕ್ಕೆ ಕೈಗಾರಿಕೆಗಿಂತ ಹಳೆಯದಾದ ಇನ್ನೊಂದು ಗುರುತುಂಟು. ನಿಜಾಮರ ಆಳ್ವಿಕೆಯಲ್ಲಿ, 1897ರಲ್ಲಿ, ಕಟ್ಟಿದ ಕೆರೆಯೊಂದು, ಇಂದು ಫಾಕ್ಸ್ ಸಾಗರ್ ಎಂಬ ಹೆಸರಿನಿಂದ, ಬಡಾವಣೆಗಳ ನಡುವೆ ಇನ್ನೂ ಉಳಿದಿದೆ. ಕಾರ್ಖಾನೆಯ ಗೋಡೆಗೂ ಕೆರೆಯ ಏರಿಗೂ ನಡುವೆ, ಸುಚಿತ್ರಾ ವೃತ್ತದಿಂದ ಕೊಂಪಲ್ಲಿಯ ಕಡೆಗೂ ಬಹದ್ದೂರ್‌ಪಲ್ಲಿಯ ಕಡೆಗೂ ಹಬ್ಬಿಕೊಂಡಿರುವ ಮನೆಗಳಲ್ಲಿ, ಹಿತ್ತಲೆಂದು ಹೇಳಬಹುದಾದ ಬಯಲನ್ನು ಉಳಿಸಿಕೊಂಡವು ಕೆಲವು ಮಾತ್ರ. ಆ ಕೆಲವರಲ್ಲಿ ಗಾಲ್ಫ್ ಆಟದ ಗೀಳು ಹಿಡಿದವರಿಗೆ, ಕರಿಬೇವು ನುಗ್ಗೆಗಳಿಗೆ ಸಲ್ಲುತ್ತಿದ್ದ ಆ ಜಾಗದ ಒಂದು ಪಾಲನ್ನು ಚೆಂಡು ತಟ್ಟಿ ಕುಳಿಗೆ ಉರುಳಿಸುವ ಅಭ್ಯಾಸಕ್ಕಾಗಿ, ಅಂದರೆ ‘ಪಟ್ಟಿಂಗ್ ಗ್ರೀನ್’ ಎಂಬ ಪುಟ್ಟ ಅಂಗಳಕ್ಕಾಗಿ, ಮೀಸಲಿಡಬೇಕೆಂಬ ಅಭಿಲಾಷೆ ಹುಟ್ಟುವುದುಂಟು. ಅದು ಹೇಗೆ ನೆರವೇರಬೇಕು, ಎಲ್ಲಿ ಕೆಡುತ್ತದೆ ಎಂಬುದೇ ಈ ಬರಹದ ವಿಷಯ.

ಸುತ್ತಮುತ್ತಲಿನ ಬಾಕ್ಸ್ ಕ್ರಿಕೆಟ್ ಅಂಗಳಗಳಲ್ಲಿ ಕೃತಕ ಹುಲ್ಲನ್ನು ದಿನವೂ ಕಾಣುತ್ತಿರುವ ಜನಕ್ಕೆ ಇದು ಸುಲಭಸಾಧ್ಯವಾದ ಕೆಲಸವಾಗಿ ತೋರುವುದು ಸಹಜ. ಅಂಗಡಿಯಿಂದ ಹಾಸಿನ ಸುರುಳಿಯೊಂದನ್ನು ತಂದು, ನೆಲ ಗುಡಿಸಿ, ಹರಡಿ, ನಡುವೆ ಒಂದು ತೂತು ಕೊರೆದರೆ ಮುಗಿಯಿತೆಂದು ಭಾವಿಸಿ ಕೈಹಾಕಿದವರ ಹಿತ್ತಲಲ್ಲಿ, ಮೊದಲನೆಯ ಮಳೆಗಾಲ ಕಳೆಯುವ ಹೊತ್ತಿಗೆ, ಅಲ್ಲಲ್ಲಿ ತಗ್ಗು ಬಿದ್ದು ನೀರು ನಿಂತಿರುತ್ತದೆ, ಅಂಚುಗಳು ಮೇಲೆದ್ದಿರುತ್ತವೆ, ಚೆಂಡು ಯಾವ ಕಡೆಗೆ ತಟ್ಟಿದರೂ ಒಂದೇ ಮೂಲೆಯನ್ನು ಸೇರುತ್ತಿರುತ್ತದೆ. ಹಾಸು ಹಣ ಕೊಟ್ಟು ಕೊಳ್ಳುವ ವಸ್ತು. ಅದರ ಅಡಿಯ ನೆಲವಾದರೋ ಕೈಯಿಂದ ಮಾಡಬೇಕಾದ ಕೆಲಸ. ಚೆಂಡು ಉರುಳುವುದು ಕಣ್ಣಿಗೆ ಹುಲ್ಲಿನ ಮೇಲೆ, ವಸ್ತುತಃ ನೆಲದ ಮೇಲೆ ಎಂಬ ಸಂಗತಿಯನ್ನು ಮನಗಂಡು, ಖರ್ಚಿನ ಹಾಗೂ ಶ್ರಮದ ದೊಡ್ಡ ಪಾಲನ್ನು ಕಣ್ಣಿಗೆ ಕಾಣದ ಆ ನೆಲಕ್ಕೆ ಸಲ್ಲಿಸಲು ಒಪ್ಪಿದವರಿಗೆ ಮಾತ್ರ ಈ ಪ್ರಯತ್ನ ಕೈಗೂಡುತ್ತದೆ.

ಗಾಲ್ಫನ್ನು ದೂರದಿಂದ ನೋಡುವವರ ಕಣ್ಣನ್ನು ಸೆಳೆಯುವುದು ಮುಗಿಲಿಗೆ ಹಾರುವ ಚೆಂಡು. ಗೆಲುವು ಸೋಲುಗಳನ್ನು ನಿರ್ಣಯಿಸುವುದು ಬಹುಮಟ್ಟಿಗೆ ನೆಲದ ಮೇಲೆ ಉರುಳುವ ಚೆಂಡು. ಹದಿನೆಂಟು ಕುಳಿಗಳ ಅಂಗಳಕ್ಕೆ 72 ಹೊಡೆತಗಳ ಪ್ರಮಾಣವನ್ನು ಗೊತ್ತುಮಾಡುವಾಗ, ಪ್ರತಿಯೊಂದು ಕುಳಿಗೂ ಎರಡೆರಡರಂತೆ 36 ಹೊಡೆತಗಳನ್ನು ಹಸುರಿನ ಮೇಲಣ ಮೆಲು ತಟ್ಟುಗಳಿಗೆಂದೇ ಎಣಿಸಿರುತ್ತಾರೆ. ಬೆಂಗಳೂರಿನ ಅದಿತಿ ಅಶೋಕ್ ಅವರು, ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಅಂಗಳದಲ್ಲಿ ಬಾಲ್ಯದಿಂದಲೇ ಆಟ ಕಲಿತವರು, 2021ರ ಆಗಸ್ಟಿನಲ್ಲಿ ಟೋಕಿಯೊ ಒಲಿಂಪಿಕ್ಸಿನಲ್ಲಿ, ತಮಗಿಂತ ಬಹಳ ದೂರಕ್ಕೆ ಚೆಂಡನ್ನು ಹೊಡೆಯಬಲ್ಲ ಆಟಗಾರ್ತಿಯರ ನಡುವೆ, ಕೊನೆಯ ದಿನದ ಕೊನೆಯ ಕುಳಿಯವರೆಗೂ ಪದಕದ ಸನಿಹದಲ್ಲಿಯೇ ಉಳಿದು, ಒಂದೇ ಹೊಡೆತದ ಅಂತರದಿಂದ ನಾಲ್ಕನೆಯವರಾದರು. ಅವರನ್ನು ಅಲ್ಲಿಯವರೆಗೆ ಒಯ್ದದ್ದು ತೋಳಿನ ಬಲಕ್ಕಿಂತ ಹೆಚ್ಚಾಗಿ ಪಟ್ಟರ್ ಹಿಡಿದ ಕೈಯ ಸ್ಥಿರತೆ. ಈ ಸ್ಥಿರತೆ ದಿನದಿನದ ಅಭ್ಯಾಸದಿಂದಲ್ಲದೆ ಬರುವಂಥದಲ್ಲ. ಜೀಡಿಮೆಟ್ಲಾದಲ್ಲಿ ವಾಸಿಸುವವನು ಗೋಲ್ಕೊಂಡದ ನಯಾ ಕಿಲಾದೊಳಗಿನ ಗಾಲ್ಫ್ ಅಂಗಳಕ್ಕೋ ಗಚ್ಚಿಬೌಲಿಯ ಬಂಡೆಗಳ ನಡುವಣ ಅಂಗಳಕ್ಕೋ ಹೋಗಬೇಕಾದರೆ ನಗರದ ವಾಹನಸಮೂಹವನ್ನು ದಾಟಿ ಹೋಗಬೇಕು. ಹಿತ್ತಲ ಅಂಗಳದ ಬಯಕೆಯನ್ನು ಶೋಕಿಯೆಂದು ತಳ್ಳಿಹಾಕುವುದು ಆದುದರಿಂದ ನ್ಯಾಯವಲ್ಲ.

ಇಷ್ಟಕ್ಕೂ ಕುಳಿಯ ಸುತ್ತ ಹಸುರೇ ಇರಬೇಕೆಂಬ ಕಟ್ಟಳೆ ನಮ್ಮ ದೇಶದ ಗಾಲ್ಫಿನಲ್ಲಿ ಮೊದಲಿನಿಂದ ಇದ್ದುದಲ್ಲ. 1829ರಲ್ಲಿ ಕಲ್ಕತ್ತೆಯಲ್ಲಿಯೂ 1876ರಲ್ಲಿ ಬೆಂಗಳೂರಿನಲ್ಲಿಯೂ ಆಂಗ್ಲರು ಗಾಲ್ಫ್ ಕ್ಲಬ್ಬುಗಳನ್ನು ಸ್ಥಾಪಿಸಿದರು. ಆದರೆ ಸ್ಕಾಟ್ಲೆಂಡಿನ ತಂಪಾದ ಕಡಲತೀರದಲ್ಲಿ ತಾನಾಗಿ ಹಬ್ಬುವ ನವುರಾದ ಹುಲ್ಲು ದಖನ್ನಿನ ಬೇಸಗೆಯನ್ನು ತಡೆಯಲಾರದು. ಬಯಲುಸೀಮೆಯ ಅನೇಕ ಅಂಗಳಗಳಲ್ಲಿ, ಕೋಲಾರದ ಚಿನ್ನದ ಗಣಿಯ ಅಧಿಕಾರಿಗಳು ಆಡುತ್ತಿದ್ದ ಅಂಗಳದಲ್ಲಿಯೂ ಸಹ, ಕುಳಿಯ ಸುತ್ತಣ ನೆಲವನ್ನು ಸಮಗೊಳಿಸಿ, ಗಟ್ಟಿಮಾಡಿ, ಎಣ್ಣೆ ಬೆರೆಸಿದ ನಯವಾದ ಮರಳನ್ನು ತೆಳುವಾಗಿ ಹರಡಿ, ಅದಕ್ಕೆ ‘ಬ್ರೌನ್’ ಎಂದು ಹೆಸರಿಟ್ಟರು. ಆಟಗಾರನು ತಟ್ಟುವ ಮುನ್ನ ಅವನ ಚೆಂಡಿನಿಂದ ಕುಳಿಯವರೆಗಿನ ದಾರಿಯನ್ನು ಹಲಗೆಯಿಂದಲೋ ಚಾಪೆಯಿಂದಲೋ ಎಳೆದು ನಯಗೊಳಿಸುವರು. ಹುಲ್ಲಿನ ಒಂದು ಗರಿಯೂ ಇಲ್ಲದ ಆ ಕಂದು ಅಂಗಳಗಳ ಮೇಲೆ ಪೀಳಿಗೆ ಪೀಳಿಗೆಗಳೇ ಆಡಿ ನುರಿತವು. ಅದಕ್ಕೆ ಸಾಕಾದದ್ದು ಸಮವಾದ, ಕದಲದ, ನೀರು ನಿಲ್ಲದ ನೆಲ.

ಕೃತಕ ಹುಲ್ಲಿನ ಕಥೆ ಇದಕ್ಕಿಂತ ಬಹಳ ಈಚಿನದು. ಅಮೆರಿಕದ ಮಾನ್ಸ್ಯಾಂಟೊ ಕಂಪನಿಯ ರಸಾಯನತಜ್ಞರು ನೈಲಾನ್ ಎಳೆಗಳಿಂದ ರೂಪಿಸಿದ ಹಾಸೊಂದನ್ನು 1964ರಲ್ಲಿ ಶಾಲೆಯೊಂದರ ಮೈದಾನದಲ್ಲಿ ಮೊದಲು ಹಾಕಿ ನೋಡಿದರು. ಮರುವರ್ಷ ಹ್ಯೂಸ್ಟನ್ ನಗರದಲ್ಲಿ ಆಸ್ಟ್ರೊಡೋಮ್ ಎಂಬ ಮುಚ್ಚುಗೆಯುಳ್ಳ ಬೃಹತ್ ಕ್ರೀಡಾಂಗಣ ತೆರೆದಾಗ, ಚಾವಣಿಯ ಗಾಜಿನಂಥ ಫಲಕಗಳ ಹೊಳಪು ಆಟಗಾರರ ಕಣ್ಣು ಕುಕ್ಕುವುದೆಂದು ಅವಕ್ಕೆ ಬಣ್ಣ ಬಳಿದದ್ದರಿಂದ ಒಳಗಿನ ಸಹಜ ಹುಲ್ಲು ಬೆಳಕಿಲ್ಲದೆ ಸತ್ತು, 1966ರಲ್ಲಿ ಅಲ್ಲಿ ಈ ಹಾಸನ್ನು ಹಾಸಬೇಕಾಯಿತು. ಆಸ್ಟ್ರೊಟರ್ಫ್ ಎಂಬ ಹೆಸರು ಬಂದದ್ದು ಹೀಗೆ. ಹತ್ತು ವರ್ಷಗಳಲ್ಲಿ ಅದು ನಮ್ಮ ಹಾಕಿಯ ಭಾಗ್ಯವನ್ನೇ ತಿರುಗಿಸಿತು. 1975ರಲ್ಲಿ ಕ್ವಾಲಾಲಂಪುರದ ಹುಲ್ಲಿನ ಮೇಲೆ ವಿಶ್ವಕಪ್ ಗೆದ್ದ ಭಾರತ, ಕೊಡಗಿನ ಬಿ. ಪಿ. ಗೋವಿಂದರಂಥವರು ಆಡುತ್ತಿದ್ದ ತಂಡ, ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಮೊತ್ತಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಆಡಬೇಕಾಗಿ ಬಂದು, ಏಳನೆಯ ಸ್ಥಾನಕ್ಕಿಳಿದು, 1928ರಿಂದ ಮೊದಲ್ಗೊಂಡು ಒಮ್ಮೆಯೂ ತಪ್ಪದೆ ತರುತ್ತಿದ್ದ ಪದಕವಿಲ್ಲದೆ ಹಿಂದಿರುಗಿತು. ಕಾರಣಗಳು ಹಲವಿದ್ದವು, ಆದರೂ ನೆಲ ಬದಲಾದರೆ ಆಟ ಬದಲಾಗುತ್ತದೆಂಬುದನ್ನು ಕೊಡಗಿನ ಕ್ರೀಡಾಪ್ರೇಮಿಗಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಹಾಸಿನ ಆಯ್ಕೆಯ ಮಾತು. ಅಂಗಡಿಗಳಲ್ಲಿ ಮೊದಲು ತೋರಿಸುವ, ಬಾಲ್ಕನಿಗೂ ಮದುವೆ ಮಂಟಪಕ್ಕೂ ಒಗ್ಗುವ, ಬೆರಳುದ್ದದ ಮೃದುವಾದ ಎಸಳುಗಳ ಹಾಸು ಇಲ್ಲಿ ಕೆಲಸಕ್ಕೆ ಬಾರದು. ಚೆಂಡು ಅದರೊಳಗೆ ಹೂತು ಎರಡು ಮಾರು ದೂರವನ್ನೂ ನೆಟ್ಟಗೆ ಹೋಗಲಾರದು. ಪಟ್ಟಿಂಗಿಗೆ ಬೇಕಾದುದು 10ರಿಂದ 15 ಮಿಲಿಮೀಟರ್ ಎತ್ತರದ, ಸುರುಳಿಗೊಂಡ ಎಳೆಗಳ, ಒತ್ತಾಗಿ ಹೊಲಿದ ಹಾಸು. ಎಳೆಗಳಲ್ಲಿ ನೈಲಾನ್ ಬಾಳಿಕೆಯುಳ್ಳದ್ದು, ತುಳಿದರೂ ಮತ್ತೆ ಎದ್ದು ನಿಲ್ಲುವಂಥದು, ಬೆಲೆಯಲ್ಲಿ ಮೇಲಿನದು. ಪಾಲಿಪ್ರೊಪಿಲೀನ್ ಅಗ್ಗದ್ದು, ಮರಳಿನ ಆಸರೆಯಿದ್ದರೆ ತಕ್ಕಮಟ್ಟಿಗೆ ನಿಲ್ಲುವಂಥದು. ಹಾಸನ್ನು ಮಗುಚಿ ಬೆನ್ನನ್ನು ನೋಡಬೇಕು: ಹೊಲಿಗೆಯ ಸಾಲುಗಳು ಎಷ್ಟು ಒತ್ತಾಗಿವೆ, ಎಳೆಗಳನ್ನು ಹಿಡಿದಿರುವ ಲೇಟೆಕ್ಸ್ ಅಥವಾ ಪಾಲಿಯುರೆಥೇನ್ ಲೇಪನ ಎಲ್ಲೆಡೆ ಸಮನಾಗಿದೆಯೆ, ನೀರಿಳಿಯುವ ತೂತುಗಳಿವೆಯೆ ಎಂಬಿಷ್ಟನ್ನು ಪರೀಕ್ಷಿಸಿ, ಒಂದು ಎಳೆಯನ್ನು ಉಗುರಿನಿಂದ ಹಿಡಿದು ಜಗ್ಗಬೇಕು, ಸುಲಭವಾಗಿ ಕಿತ್ತು ಬಂದರೆ ಆ ಅಂಗಡಿಯಿಂದ ಹೊರಡುವುದು ಮೇಲು. ಬಿಸಿಲನ್ನು ತಡೆಯುವ ರಾಸಾಯನಿಕವನ್ನು ಎಳೆಗೆ ಬೆರೆಸಿದ್ದಾರೆಂಬ ಭರವಸೆಯನ್ನು ಬಾಯಿಮಾತಿನಲ್ಲಲ್ಲ, ಕಾಗದದ ಮೇಲೆ ಪಡೆಯಬೇಕು. ತೆಲಂಗಾಣದ ಬಿಸಿಲಿನಲ್ಲಿ ಅದಿಲ್ಲದ ಹಾಸು ಕೆಲವೇ ಬೇಸಗೆಗಳಲ್ಲಿ ಬಣ್ಣಗೆಟ್ಟು ಪುಡಿಯಾಗುತ್ತದೆ.

ಹಾಸಿನ ವಿಚಾರ ಇಷ್ಟೇ. ನೆಲದ ವಿಚಾರಕ್ಕೆ ಬಂದಾಗ ಮಾತ್ರ ಸಾವಧಾನ ಬೇಕು. ಹೈದರಾಬಾದಿನ ಕಟ್ಟಡದ ಕೆಲಸಗಳಿಗೆ ಬೀದರ, ಕಲಬುರಗಿ, ಯಾದಗಿರಿಗಳಿಂದ ಬರುವ ನಮ್ಮ ಜನ ಅನೇಕರು; ಆ ಕಡೆಯ ಅನುಭವಸ್ಥ ಮೇಸ್ತ್ರಿಯನ್ನು ಹಿತ್ತಲಿಗೆ ಕರೆತಂದರೆ ಅವನು ಹುಲ್ಲಿನ ಬಣ್ಣವನ್ನು ಕೇಳುವುದಿಲ್ಲ, “ನೀರ ಎಲ್ಲಿಗಿ ಹೋಗಬೇಕ್ರಿ ಸಾಹೇಬ್ರ?” ಎಂದು ಕೇಳುತ್ತಾನೆ. ಇದಕ್ಕಿಂತ ಸಮರ್ಪಕವಾದ ಮೊದಲ ಪ್ರಶ್ನೆ ಇನ್ನೊಂದಿಲ್ಲ. 2020ರ ಅಕ್ಟೋಬರ್ 13ರಂದು ಹೈದರಾಬಾದಿನಲ್ಲಿ ಒಂದೇ ದಿನದೊಳಗೆ ಸುಮಾರು 19 ಸೆಂಟಿಮೀಟರ್ ಮಳೆ ಸುರಿದಾಗ ಫಾಕ್ಸ್ ಸಾಗರ್ ತುಂಬಿ, ಅದರ ಮಗ್ಗುಲಲ್ಲಿರುವ ಉಮಾಮಹೇಶ್ವರ ಕಾಲನಿ ಅನೇಕ ದಿನಗಳವರೆಗೆ ನೀರಿನಲ್ಲಿ ಮುಳುಗಿದ್ದುದನ್ನು ಈ ಭಾಗದ ಜನ ಮರೆತಿಲ್ಲ. ಅಂದಿನ ಮಳೆಯ ಲೆಕ್ಕವನ್ನು ಹಿತ್ತಲಿಗೆ ಅನ್ವಯಿಸಿ ನೋಡೋಣ: 12 ಅಡಿ ಅಗಲ, 25 ಅಡಿ ಉದ್ದದ, ಅಂದರೆ 300 ಚದರಡಿಯ ಅಂಗಳವೊಂದರ ಮೇಲೆ ಆ ಒಂದು ದಿನ ಬಿದ್ದಿರಬಹುದಾದ ನೀರು ಐದು ಸಾವಿರ ಲೀಟರಿಗೂ ಮಿಕ್ಕುತ್ತದೆ, ಮೇ ತಿಂಗಳಿನಲ್ಲಿ ಇದೇ ಬಡಾವಣೆಗಳ ಜನ ಹಣ ಕೊಟ್ಟು ತರಿಸುವ ಒಂದು ಟ್ಯಾಂಕರಿನಷ್ಟು. ಇಂಥ ನೀರಿಗೆ ದಾರಿ ತೋರದೆ ಹಿತ್ತಲಿಗೆಲ್ಲ ಸಿಮೆಂಟ್ ಬಳಿದು ಅದರ ಮೇಲೆ ಹಾಸನ್ನು ಅಂಟಿಸುವ ಪದ್ಧತಿ, ಬೇಗ ಮುಗಿಯುತ್ತದೆಂಬ ಕಾರಣಕ್ಕೆ ಗುತ್ತಿಗೆದಾರರಿಗೆ ಪ್ರಿಯವಾದುದು, ನನಗೆ ಸಮ್ಮತವಲ್ಲ. ಕೆರೆಯ ಕೆಳಗಣ ಊರಿನಲ್ಲಿ ಮಣ್ಣಿನ ಬಾಯಿ ಮುಚ್ಚುವವನು ತನ್ನ ಪಾಲಿನ ನೀರನ್ನು ನೆರೆಮನೆಗೆ ನೂಕುತ್ತಾನೆ.

ಆದುದರಿಂದ ಮೊದಲು ಮಾಡಬೇಕಾದುದು ಮಣ್ಣಿನ ಪರೀಕ್ಷೆ. ಹಿತ್ತಲಲ್ಲಿ ಒಂದಡಿ ಆಳದ ಗುಂಡಿಯೊಂದನ್ನು ತೋಡಿ, ನೀರು ತುಂಬಿ, ಅದು ಎಷ್ಟು ಹೊತ್ತಿನಲ್ಲಿ ಇಂಗುವುದೆಂದು ನೋಡಬೇಕು. ಇಲ್ಲಿನ ನೆಲದಲ್ಲಿ ಬಹುಭಾಗ ಕೆಂಪು ಮಣ್ಣು, ಅದರ ಕೆಳಗೆ ನಮ್ಮ ಕಲಬುರಗಿಯ ಕಡೆ ಗರಸು ಎನ್ನುವ, ಇಲ್ಲಿ ಮೊರಂ ಎನ್ನುವ ಸಡಿಲ ಕಲ್ಮಣ್ಣು, ಅದರಡಿಯಲ್ಲಿ ಗ್ರಾನೈಟ್ ಬಂಡೆ. ಗರಸಿದ್ದಲ್ಲಿ ನೀರು ಸರಾಗವಾಗಿ ಇಳಿಯುತ್ತದೆ, ಬಂಡೆ ಮೇಲಕ್ಕಿದ್ದಲ್ಲಿ ನಿಲ್ಲುತ್ತದೆ. ಎರೆಮಣ್ಣು ಸಿಕ್ಕಿದರೆ ಎಚ್ಚರ ಹೆಚ್ಚಬೇಕು, ಏಕೆಂದರೆ ಅದು ಮಳೆಯಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿದು ಮೇಲಿರುವ ಎಲ್ಲವನ್ನೂ ವರ್ಷವರ್ಷವೂ ಕದಲಿಸುತ್ತದೆ. ಅಂಥಲ್ಲಿ ಇನ್ನೂ ಆಳಕ್ಕೆ ಅಗೆದು ಗರಸನ್ನು ತುಂಬದೆ ಗತ್ಯಂತರವಿಲ್ಲ. ನೀರು ಇಂಗದ ಕಡೆ, ತೂತುಳ್ಳ ಕೊಳವೆಯೊಂದಕ್ಕೆ ಬಟ್ಟೆ ಸುತ್ತಿ, ಅಂಗಳದ ತಗ್ಗಿನ ಅಂಚಿನುದ್ದಕ್ಕೂ ಹೂತು, ಜಲ್ಲಿ ತುಂಬಿದ ಇಂಗುಗುಂಡಿಯೊಂದಕ್ಕೆ ಸೇರಿಸಬೇಕು. ಕೊಳವೆಬಾವಿಗಳು ಬತ್ತುತ್ತಿರುವ ಈ ಕಾಲದಲ್ಲಿ ಆ ಗುಂಡಿ ಆಟಕ್ಕಿಂತ ಹೆಚ್ಚಿನ ಉಪಕಾರವನ್ನು ಮಾಡೀತು.

ಅನಂತರ ಅಗೆತ. ಆರು ಅಂಗುಲ ಆಳ ಅಗೆದು, ಬೇರುಗಳನ್ನೂ ಗೆದ್ದಲಿನ ಗೂಡುಗಳನ್ನೂ ತೆಗೆದು, ತಳವನ್ನು ನೀರು ಚಿಮುಕಿಸಿ ಕುಟ್ಟಿ, ಮಣ್ಣಿಗೂ ಜಲ್ಲಿಗೂ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆಯನ್ನು ಹರಡಬೇಕು. ಕೆಳಗಿನ ಜಿಗುಟು ಮಣ್ಣು ಮೇಲೇರಿ ಜಲ್ಲಿಯ ಸಂದುಗಳನ್ನು ತುಂಬದಂತೆ ತಡೆಯುವುದು ಇದರ ಕೆಲಸ. ಅದರ ಮೇಲೆ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಕಟ್ಟಕಡೆಗೆ ಒಂದು ಅಂಗುಲದಷ್ಟು ಕ್ರಷರ್ ಪುಡಿ. 300 ಚದರಡಿಗೆ ಆರು ಅಂಗುಲವೆಂದರೆ, ಜಲ್ಲಿ ಮಾರುವವರು ಬಳಸುವ ಬ್ರಾಸು ಎಂಬ ಅಳತೆಯಲ್ಲಿ, ಲೆಕ್ಕಕ್ಕೆ ಒಂದೂವರೆ ಬ್ರಾಸು. ಕುಟ್ಟಿದಾಗ ಕುಗ್ಗುವುದರಿಂದ ಎರಡು ಬ್ರಾಸಿನ ಹತ್ತಿರ ತರಿಸುವುದು ವಿಹಿತ. ಇಷ್ಟನ್ನೂ ಒಂದೇ ಬಾರಿಗೆ ಸುರಿದು ಮೇಲೆ ಯಂತ್ರ ಓಡಿಸಿದರೆ ಮೇಲಿನ ಎರಡು ಅಂಗುಲ ಮಾತ್ರ ಬಿಗಿದುಕೊಂಡು ಒಳಗೆ ಪೊಳ್ಳು ಉಳಿಯುತ್ತದೆ; ಎರಡೆರಡು ಅಂಗುಲದ ಪದರಗಳಾಗಿ ಹರಡಿ, ಪ್ರತಿ ಪದರವನ್ನೂ ನೀರು ಹಾಕಿ ಕುಟ್ಟಬೇಕು, ಕಂಪ್ಯಾಕ್ಟರ್ ಯಂತ್ರ ಹೋಗದ ಮೂಲೆಗಳಲ್ಲಿ ದಿಮ್ಮಸಿನಿಂದ ಬಡಿಯಬೇಕು. ನಡೆದಾಡಿದರೆ ಹಿಮ್ಮಡಿಯ ಗುರುತು ಮೂಡಬಾರದು. ಪುಡಿಯ ಪದರ ಬಹಳ ದಪ್ಪವಾದರೆ ಅದೇ ನೀರಿಗೆ ಅಡ್ಡಬರುವುದರಿಂದ ಅದನ್ನು ತೆಳುವಾಗಿಯೇ ಇಡಬೇಕು.

ಅಂಗಳದ ರೂಪ ನಿರ್ಣಯವಾಗುವುದು ಈ ಹಂತದಲ್ಲಿಯೇ ಹೊರತು ಹಾಸುವಾಗ ಅಲ್ಲ. ಮೇಸ್ತ್ರಿಗಳು ವಾಟವೆನ್ನುವ ಇಳಿಜಾರನ್ನು ನೂರಕ್ಕೆ ಒಂದರಂತೆ ಕೊಟ್ಟರೆ 25 ಅಡಿಯ ಉದ್ದಕ್ಕೆ ಮೂರು ಅಂಗುಲ ಇಳಿತ ಸಿಗುತ್ತದೆ. ನೀರು ಹರಿಯುವುದಕ್ಕೂ ಚೆಂಡು ಮೆಲ್ಲನೆ ಬಾಗುವುದಕ್ಕೂ ಇದು ಸಾಲುತ್ತದೆ. ಒಂದೆಡೆ ಕಾಣುವುದೋ ಕಾಣದೋ ಎಂಬಷ್ಟು ಉಬ್ಬು, ಇನ್ನೊಂದೆಡೆ ಸಣ್ಣ ತಗ್ಗು ಇರಲಿ ಎನ್ನುವವರು ಪುಡಿಯ ಪದರವನ್ನು ಕೈಯಿಂದಲೇ ತೀಡಿ ರೂಪಿಸಬಹುದು. ದಾರ ಕಟ್ಟಿ, ರಸಮಟ್ಟ ಇಟ್ಟು, ಉದ್ದನೆಯ ಮಟ್ಟಗೋಲನ್ನು ಎಲ್ಲ ದಿಕ್ಕುಗಳಿಗೂ ಎಳೆದು ನೋಡಿದ ಮೇಲೆ, ಹಾಸಿಲ್ಲದ ಆ ಬರಿಯ ನೆಲದ ಮೇಲೆಯೇ ಗಾಲ್ಫ್ ಚೆಂಡೊಂದನ್ನು ಹತ್ತಾರು ಕಡೆಗಳಿಂದ ಉರುಳಿಸಿ ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಚೆಂಡು ತಡವರಿಸಿದ ಜಾಗಕ್ಕೆ ಒಂದು ಹಿಡಿ ಪುಡಿ, ಜಿಗಿದ ಜಾಗದಿಂದ ಒಂದು ಹಿಡಿ ಪುಡಿ. ಈ ತಿದ್ದುಪಡಿಗೆ ಒಂದಿಡೀ ಬೆಳಗು ಹೋದರೂ ಹೋಗಲಿ. ಹಾಸು ನೆಲದ ದೋಷವನ್ನು ಮರೆಮಾಡುತ್ತದೆ, ಪರಿಹರಿಸುವುದಿಲ್ಲ.

ಕುಳಿಯನ್ನು ಕೂರಿಸುವ ಕೆಲಸವೂ ಹಾಸುವುದಕ್ಕೆ ಮುಂಚಿನದು. ಕುಳಿಯ ವ್ಯಾಸ ನಾಲ್ಕೂಕಾಲು ಅಂಗುಲವೆಂದು 1891ರಲ್ಲಿ ಸೇಂಟ್ ಆಂಡ್ರೂಸಿನ ಗಾಲ್ಫ್ ಸಂಸ್ಥೆ ಗೊತ್ತುಮಾಡಿದುದು ಇಂದಿಗೂ ಹಾಗೆಯೇ ನಡೆದುಬಂದಿದೆ. ಆಳ ನಾಲ್ಕು ಅಂಗುಲಕ್ಕೆ ಕಡಿಮೆಯಿರಕೂಡದು. ತಳದಲ್ಲಿ ತೂತುಳ್ಳ ಬಟ್ಟಲನ್ನು, ಕೆಳಗೆ ಒಂದು ಬೊಗಸೆ ಜಲ್ಲಿ ಹಾಕಿ, ಸುತ್ತಲೂ ಸ್ವಲ್ಪ ಕಾಂಕ್ರೀಟು ತುಂಬಿ ಭದ್ರಗೊಳಿಸಬೇಕು. ಬಟ್ಟಲಿನ ತುಟಿ ಪುಡಿಯ ಪದರದೊಡನೆ ಸಮವಾಗಿರಬೇಕು, ಕೂದಲೆಳೆಯಷ್ಟು ಮೇಲೆದ್ದರೂ ಒಳಗೆ ಬೀಳಬೇಕಾದ ಚೆಂಡು ಅದನ್ನು ಎಡವಿ ಹಾರಿಹೋಗುತ್ತದೆ. ಕುಳಿಯ ಸುತ್ತ ಎರಡು ಮೂರು ಅಡಿಯ ಜಾಗ ಹೆಚ್ಚು ಕಡಿಮೆ ಸಪಾಟಾಗಿರಲಿ. ಹಾಸನ್ನು ಹರಡಿದ ಮೇಲೆ, ಅಂಗೈಯಿಂದ ಒತ್ತಿ ಬಟ್ಟಲಿನ ಜಾಗವನ್ನು ಗುರುತಿಸಿ, ಹರಿತವಾದ ಅಲಗಿನಿಂದ ನಡುವಿನಿಂದ ಅಂಚಿಗೆ ನಕ್ಷತ್ರದಂತೆ ಸೀಳಿ, ಆಮೇಲೆ ಬಟ್ಟಲಿನ ಒಳಮೈಯನ್ನೇ ಆಧಾರ ಮಾಡಿಕೊಂಡು ಸುತ್ತಲೂ ಕತ್ತರಿಸಬೇಕು. ಅಲಗು ಮೊಂಡಾದಂತೆಲ್ಲ ಬದಲಿಸಬೇಕು. ಮೊಂಡು ಅಲಗು ಬೆನ್ನಿನ ಬಟ್ಟೆಯನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ.

ಹಾಸುವುದಕ್ಕೆ ಬೆಳಗಿನ ತಂಪು ಹೊತ್ತೇ ಸರಿ. ಸುರುಳಿಯನ್ನು ಹಿಂದಿನ ದಿನವೇ ಬಿಡಿಸಿ ಹರಡಿಟ್ಟರೆ ಮಡಿಕೆಗಳು ತಾವಾಗಿ ಸಡಿಲಗೊಳ್ಳುತ್ತವೆ. ನಡುಹಗಲಿನ ಬಿಸಿಲಿನಲ್ಲಿ ಹಿಗ್ಗಿದ ಹಾಸನ್ನು ಅಂಚಿಗೆ ಅಂಚು ತಾಗಿಸಿ ಅಂಟಿಸಿದರೆ ರಾತ್ರಿಯ ತಂಪಿಗೆ ಅದು ಕುಗ್ಗಿ ಬೆಸುಗೆ ಬಾಯಿಬಿಡುತ್ತದೆ. ಆದಷ್ಟು ಒಂದೇ ತುಂಡಿನಲ್ಲಿ ಮುಗಿಸುವುದು ಲೇಸು; ಎರಡು ತುಂಡು ಅನಿವಾರ್ಯವಾದರೆ ಎಳೆಗಳು ಒರಗುವ ದಿಕ್ಕು ಎರಡರಲ್ಲಿಯೂ ಒಂದೇ ಆಗಿರಬೇಕು, ಇಲ್ಲವಾದರೆ ಅರ್ಧ ಅಂಗಳ ತಿಳಿಹಸುರಾಗಿಯೂ ಇನ್ನರ್ಧ ಕಡುಹಸುರಾಗಿಯೂ ಕಾಣುವುದಲ್ಲದೆ ಚೆಂಡಿನ ವೇಗದಲ್ಲಿಯೂ ಭೇದವಾಗುತ್ತದೆ. ಸಂದಿನ ಕೆಳಗೆ ಅಡಿಯಗಲದ ಪಟ್ಟಿಯಿಟ್ಟು, ಪಾಲಿಯುರೆಥೇನ್ ಅಂಟು ಹಚ್ಚಿ, ಎರಡು ಅಂಚುಗಳ ನಡುವೆ ಹೊಲಿಗೆಯ ಸಾಲುಗಳ ನಡುವೆ ಇರುವಷ್ಟೇ ಅಂತರ ಬಿಟ್ಟು, ಒಂದು ಎಳೆಯೂ ಅಂಟಿಗೆ ಸಿಕ್ಕದಂತೆ ಬೆರಳುಗಳಿಂದ ಬಿಡಿಸುತ್ತಾ ಒತ್ತಿಕೊಂಡು ಹೋಗಬೇಕು. ಸುತ್ತಣ ಅಂಚನ್ನು ಮೊಳೆಯಿಂದಲೋ ಕಲ್ಲಿನ ಏಣಿನಿಂದಲೋ ಭದ್ರಪಡಿಸುವುದುಂಟು.

ಈಗ ಉಳಿದದ್ದು ಮರಳು. ಕಟ್ಟಡಕ್ಕೆ ತಂದು ಉಳಿದ ಮರಳನ್ನು ಸುರಿದು ಕೆಲಸ ಮುಗಿಸಬೇಕೆಂಬ ಆಸೆಯನ್ನು ಅದುಮಬೇಕು. ಅದರಲ್ಲಿ ಮಣ್ಣಿನಂಶವುಂಟು, ಕಾಳುಗಳಿಗೆ ಕೋನಗಳುಂಟು, ಅದು ಎಳೆಯನ್ನು ಸವೆಯಿಸಿ ತೂತುಗಳನ್ನು ಮುಚ್ಚುತ್ತದೆ. ತೊಳೆದು ಒಣಗಿಸಿದ, ಗುಂಡಗಿನ ಸಣ್ಣ ಕಾಳುಗಳ ಸಿಲಿಕಾ ಮರಳು ಬೇಕು. ಚದರಡಿಗೆ ಅರ್ಧ ಕಿಲೋದಿಂದ ಒಂದು ಕಿಲೋವರೆಗೆ. ಒಣ ಹವೆಯ ದಿನದಂದು, ಮುಷ್ಟಿಯಿಂದ ಸಣ್ಣಗೆ ಉದುರಿಸಿ, ಎಳೆಗಳ ಒರಗಿಗೆ ಎದುರಾಗಿ ಗಡುಸು ಕಸಬರಿಗೆಯಿಂದ ಗುಡಿಸಬೇಕು; ಗುಡಿಸಿದಂತೆಲ್ಲ ಎಳೆಗಳು ಎದ್ದು ನಿಂತು, ಮರಳು ಅವುಗಳ ಬುಡಕ್ಕೆ ಇಳಿದು ಕಣ್ಮರೆಯಾಗುತ್ತದೆ. ಮತ್ತೆ ಉದುರಿಸಬೇಕು, ಮತ್ತೆ ಗುಡಿಸಬೇಕು. ತುದಿಗಳು ಮಾತ್ರ ಮರಳಿನ ಮೇಲೆ ತಲೆಯೆತ್ತಿ ಕಾಣುವ ತನಕ ಹೀಗೆ ನಡೆಸಿ, ಕೊನೆಯಲ್ಲಿ ಭಾರದ ಉರುಳೆಯನ್ನು ಉರುಳಿಸಿದರೆ, ಅದುವರೆಗೆ ಮೆತ್ತಗಿದ್ದ ಹಾಸು ಬಿಗಿಯಾದ ಅಂಗಳವಾಗುತ್ತದೆ. ಮರಳು ಹೆಚ್ಚಿದಷ್ಟೂ ಚೆಂಡಿನ ಓಟ ಹೆಚ್ಚು.

ಆ ಓಟವನ್ನು ಅಳೆಯುವ ಉಪಾಯವೊಂದನ್ನು 1935ರಲ್ಲಿ ಅಮೆರಿಕದ ಎಡ್ವರ್ಡ್ ಸ್ಟಿಂಪ್ಸನ್ ಎಂಬ ಆಟಗಾರ ರೂಪಿಸಿದರು. ಮೂರು ಅಡಿ ಉದ್ದದ, ನಡುವೆ ತೋಡುಳ್ಳ ಪಟ್ಟಿಯೊಂದರ ಮೇಲ್ತುದಿಯ ಗುಣಿಯಲ್ಲಿ ಚೆಂಡನ್ನಿಟ್ಟು, ಆ ತುದಿಯನ್ನು ಮೆಲ್ಲನೆ ಎತ್ತುತ್ತಾ ಹೋದರೆ ಸುಮಾರು 20 ಡಿಗ್ರಿಯ ಕೋನದಲ್ಲಿ ಚೆಂಡು ತಾನಾಗಿ ಜಾರಿ ಇಳಿದು ಸಮನೆಲದ ಮೇಲೆ ಉರುಳುತ್ತದೆ. ಅದು ಎಷ್ಟು ಅಡಿ ಉರುಳಿತೋ ಅಷ್ಟು ಆ ಅಂಗಳದ ವೇಗ. ಎದುರು ದಿಕ್ಕಿನಿಂದಲೂ ಅಳೆದು ಸರಾಸರಿ ತೆಗೆಯುತ್ತಾರೆ. ಹಿತ್ತಲಿಗೆ ಎಂಟರಿಂದ ಹತ್ತು ಅಡಿಯ ವೇಗ ಧಾರಾಳವಾಯಿತು. ಬಡಗಿಯಿಂದ ಇಂಥದೊಂದು ತೋಡಿನ ಪಟ್ಟಿಯನ್ನು ಮಾಡಿಸಿಟ್ಟುಕೊಂಡರೆ ವರ್ಷ ಕಳೆದಂತೆ ಅಂಗಳ ಎಲ್ಲಿ ಮಂದವಾಯಿತು, ಎಲ್ಲಿ ಮರಳು ಸರಿಯಿತು ಎಂಬುದು ಊಹೆಯ ಮಾತಾಗಿ ಉಳಿಯದು.

ಬಿಸಿಲಿನ ವಿಷಯದಲ್ಲಿ ಸತ್ಯವನ್ನು ಮುಚ್ಚಿಡಬಾರದು. ಜೀವಂತ ಹುಲ್ಲು ನೀರನ್ನು ಆವಿಮಾಡಿ ತನ್ನನ್ನೂ ತನ್ನ ಸುತ್ತಣ ಗಾಳಿಯನ್ನೂ ತಂಪಾಗಿಸುತ್ತದೆ. ಕೃತಕ ಹುಲ್ಲಿಗೆ ಆ ಶಕ್ತಿಯಿಲ್ಲ. ಮೇ ತಿಂಗಳಿನಲ್ಲಿ ಹೈದರಾಬಾದಿನ ತಾಪಮಾನ 40 ಡಿಗ್ರಿ ದಾಟಿದ ದಿನಗಳಲ್ಲಿ ಹಾಸಿನ ಮೈ 60 ಡಿಗ್ರಿಗೂ ಮೇಲೇರಬಲ್ಲುದು, ಬರಿಗಾಲಿನ ಮಕ್ಕಳು ಅದರ ಮೇಲೆ ಹೆಜ್ಜೆಯಿಡುವುದು ಸಲ್ಲದು. ನೀರು ಚೆಲ್ಲಿದರೆ ತಣಿಯುವುದು ಕೆಲವೇ ನಿಮಿಷ. ಎದುರಿನ ಕಿಟಕಿಯ ಗಾಜಿನಿಂದ ಪ್ರತಿಫಲಿಸಿ ಒಂದೆಡೆ ಕೂಡುವ ಬಿಸಿಲು ಎಳೆಗಳನ್ನು ಕರಗಿಸಿದ್ದುಂಟು. ದೀಪಾವಳಿಯ ಒಂದು ಕಿಡಿ ಸಾಕು, ನಡು ಅಂಗಳದಲ್ಲಿ ಕರಿಯ ಕಲೆಯಾಗುತ್ತದೆ. ಬೇವಿನ ಮರದ ನೆರಳು ಮಧ್ಯಾಹ್ನದ ಹೊತ್ತಿಗೆ ಬೀಳುವಂಥ ಮೂಲೆ ಸಿಕ್ಕಿದರೆ, ಉದುರುವ ಎಲೆಗಳನ್ನು ಗುಡಿಸುವ ಕಷ್ಟವನ್ನು ಸಹಿಸಿಕೊಂಡಾದರೂ, ಅಂಗಳವನ್ನು ಅಲ್ಲಿಯೇ ಮಾಡುವುದು ಜಾಣತನ. ಕಾರ್ಖಾನೆಗಳ ನಡುವಣ ಗಾಳಿಯಲ್ಲಿ ಧೂಳು ಬಹಳ. ವಾರಕ್ಕೊಮ್ಮೆ ಗುಡಿಸದಿದ್ದರೆ ಅದು ಮರಳಿನೊಡನೆ ಕಲೆತು ನೀರಿನ ದಾರಿಯನ್ನು ಕಟ್ಟುತ್ತದೆ.

ಹಾಗಾದರೆ ಸಹಜವಾದ ಹುಲ್ಲನ್ನೇ ಬೆಳೆಸಬಾರದೇಕೆ ಎಂದು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಗಾಲ್ಫಿಗೆ ತಕ್ಕ ಗಿಡ್ಡ ಹುಲ್ಲನ್ನು ಮೂರು ನಾಲ್ಕು ಮಿಲಿಮೀಟರಿಗೆ ದಿನವೂ ಕತ್ತರಿಸಬೇಕು, ರೋಗಕ್ಕೆ ಔಷಧ ಸಿಂಪಡಿಸಬೇಕು, ಬೇಸಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ ಐದಾರು ಲೀಟರಿಗೆ ಕಡಿಮೆಯಿಲ್ಲದಂತೆ ನೀರುಣಿಸಬೇಕು. ನಮ್ಮ 300 ಚದರಡಿಯ ಅಂಗಳಕ್ಕೆ ಅದು ದಿನಕ್ಕೆ ನೂರೈವತ್ತು ಲೀಟರಾಗುತ್ತದೆ. ಟ್ಯಾಂಕರಿಗಾಗಿ ಕಾಯುವ ಬೀದಿಯಲ್ಲಿ ಆಟಕ್ಕೆಂದು ಇಷ್ಟು ನೀರು ಚೆಲ್ಲುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಹಳೆಯ ಬ್ರೌನಿನ ಮಾದರಿ ನಮ್ಮ ಹವೆಗೆ ಚೆನ್ನಾಗಿ ಹೊಂದುವುದಾದರೂ ಅದಕ್ಕೆ ಬೆರೆಸುವ ಎಣ್ಣೆಯನ್ನು, ಅಂತರ್ಜಲ ಈಗಾಗಲೇ ಕಾರ್ಖಾನೆಗಳಿಂದ ನೊಂದಿರುವ ಜೀಡಿಮೆಟ್ಲಾದಂಥ ನೆಲಕ್ಕೆ, ಮತ್ತೆ ಸುರಿಯಕೂಡದು. ಹೀಗೆ ಎಲ್ಲವನ್ನೂ ತೂಗಿ ನೋಡಿದರೆ ಸಣ್ಣ ಅಳತೆಯ, ನೀರು ಇಂಗುವ ನೆಲದ ಮೇಲಿನ, ಮರಳನ್ನೇ ತುಂಬಿದ ಕೃತಕ ಹಾಸನ್ನು ನಾನು ಒಪ್ಪುತ್ತೇನೆ. ಹಿತ್ತಲೆಲ್ಲವನ್ನೂ ಅಲಂಕಾರಕ್ಕಾಗಿ ಪ್ಲಾಸ್ಟಿಕ್ಕಿನಿಂದ ಮುಚ್ಚುವುದನ್ನು ಒಪ್ಪಲಾರೆ. ಮೈದಾನಗಳ ಹಾಸುಗಳಲ್ಲಿ ತುಂಬುವ ರಬ್ಬರಿನ ಹರಳುಗಳು ಮಳೆಯೊಡನೆ ಹರಿದು ಮಣ್ಣು ನೀರುಗಳನ್ನು ಸೇರುತ್ತವೆಂಬ ಕಾರಣದಿಂದ ಐರೋಪ್ಯ ಒಕ್ಕೂಟ 2023ರಲ್ಲಿ ಅವುಗಳ ಮಾರಾಟವನ್ನು ನಿಷೇಧಿಸುವ ನಿಯಮವನ್ನು ತಂದು, ಬದಲಾವಣೆಗೆ ಎಂಟು ವರ್ಷಗಳ ಅವಧಿ ಕೊಟ್ಟಿದೆ. ಪಟ್ಟಿಂಗ್ ಅಂಗಳಕ್ಕೆ ಅಂಥ ಹರಳುಗಳ ಅಗತ್ಯವೇ ಇಲ್ಲವೆಂಬುದು ಸಮಾಧಾನದ ವಿಷಯ.

ಉಳಿದದ್ದು ಹಾಸಿನ ಆಯುಷ್ಯ ಮುಗಿದಾಗ ಮಾಡಬೇಕಾದುದು. ಒಳ್ಳೆಯ ಹಾಸು, ನೆರಳು ಮತ್ತು ಆರೈಕೆಯನ್ನು ಅವಲಂಬಿಸಿ, ಎಂಟು ಹತ್ತು ವರ್ಷ ಬಾಳುತ್ತದೆ. ಎಳೆ, ಬೆನ್ನಿನ ಬಟ್ಟೆ, ಲೇಪನ ಬೇರೆ ಬೇರೆ ವಸ್ತುಗಳಾಗಿ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಗುಜರಿಯವರು ಅದನ್ನು ಕೊಳ್ಳಲು ಮುಂದೆ ಬರುವುದು ಕಡಿಮೆ. ಕೊನೆಗೆ ಅದು ಕೆರೆಯ ಅಂಚಿಗೋ, ಖಾಲಿ ನಿವೇಶನದ ಬೆಂಕಿಗೋ ಬೀಳುತ್ತದೆ. ಈ ಎರಡೂ ಆಗಕೂಡದು. ಕೊಳ್ಳುವಾಗಲೇ, ಹಳೆಯ ಹಾಸನ್ನು ಮರಳಿ ಒಯ್ಯುವ ಹೊಣೆ ಯಾರದೆಂಬುದನ್ನು ಮಾರುವವನಿಂದ ಬರೆಯಿಸಿಕೊಳ್ಳಬೇಕು. ತೆಗೆಯುವಾಗ ಮರಳನ್ನು ಕೊಡವಿ ಜರಡಿ ಹಿಡಿದು ಇಟ್ಟುಕೊಳ್ಳಬೇಕು, ಕೆಡದೆ ಉಳಿದ ತುಂಡುಗಳನ್ನು ಅಂಗನವಾಡಿಯ ಜಗಲಿಗೋ ಕಾಲೊರಸುವುದಕ್ಕೋ ಕೊಡಬಹುದು. ನೆಲವನ್ನು ಮೊದಲೇ ಸರಿಯಾಗಿ ಮಾಡಿದ್ದವರಿಗೆ ಆಗ ಹೆಚ್ಚಿನ ಕೆಲಸ ಬೀಳದು: ತಗ್ಗು ಬಿದ್ದಲ್ಲಿ ಒಂದೆರಡು ಬುಟ್ಟಿ ಕ್ರಷರ್ ಪುಡಿ ಹಾಕಿ ಕುಟ್ಟಿ, ಬಟ್ಟಲುಗಳ ತಳದ ತೂತುಗಳನ್ನು ಬಿಡಿಸಿ, ಕೊಳವೆಯಲ್ಲಿ ನೀರು ಓಡುತ್ತದೆಯೇ ಎಂದು ಒಮ್ಮೆ ನೋಡಿ, ಅದೇ ಜಲ್ಲಿಯ ಮೇಲೆ ಹೊಸ ಹಾಸನ್ನು ಹಾಸಿದರಾಯಿತು.